ಸಾಬೂನು ಡಬ್ಬಿಯ ಚಾರ್ಜರು, ಖಜೂರಿಯ ಹೆಣ್ಣು

ಗೊಬ್ಬೂರದಲ್ಲಿ ಬುದ್ಧಿ ಅಂತ ಇದ್ದದ್ದು ನನಗೊಬ್ಬನಿಗೇ. ಹಂಗಾಗಿ ಇಂಥ ಪ್ರಸಂಗಗಳು ಬೇರೆ ಯಾರ ಮನೆಗೂ ಹೋಗದೆ ನೆಟ್ಟಗೆ ನಮ್ಮ ಮನೆಗೇ ಬರುತ್ತಿದ್ದವು.

೧. ಮೊದಲ ಗಿರಾಕಿ

ಸುಟ್ಟ ಮೈಕ್‌ಸೆಟ್ಟಿನ ಟ್ರಾನ್ಸ್‌ಫಾರ್ಮರ್, ಆಳಂದದ ಗುಜರಿಯಲ್ಲಿ ಆರಿಸಿದ ನಾಲ್ಕು ಡಯೋಡು, ಒಂದು ಸಾಬೂನು ಡಬ್ಬಿ. ಇಷ್ಟರಲ್ಲೇ ಬ್ಯಾಟರಿ ಚಾರ್ಜರ್ ಮಾಡಿದೆ. ಕಾಲೇಜು ಕಲಿತವರು ಪುಸ್ತಕ ನೋಡಿ ಮಾಡುತ್ತಾರಂತೆ; ನನಗೆ ಅಂಥ ದೌರ್ಬಲ್ಯ ಇರಲಿಲ್ಲ.

ಎದುರುಮನೆಯಲ್ಲೇ ದುಕಾನು ಇಟ್ಟಿದ್ದ ಟೇಲರ್ ಚಾಚಾ ರೇಡಿಯೋ ಸೆಲ್ಲು ಸತ್ತಾಗಲೆಲ್ಲ ಮಾಳಿಗೆ ಮೇಲೆ ಬಿಸಿಲಿಗಿಡುತ್ತಿದ್ದ. ಪಾಪ ಅನಿಸಿ, ಅವನ ನಾಲ್ಕು ಸೆಲ್ಲು ಇಸಿದುಕೊಂಡು ಚಾರ್ಜರಿಗೆ ಹಚ್ಚಿದೆ. ಅರ್ಧ ತಾಸಿಗೆ ಸೆಲ್ಲು ಉಬ್ಬಿ, ಬುಡದಿಂದ ಕಪ್ಪು ರಸ ಇಳಿಯಿತು. ಚಾಚಾ ಬಗ್ಗಿ ನೋಡಿ ಗಂಭೀರವಾಗಿ ಅಂದ:

“ಬಸ್ ಮಾಡು ಬೇಟಾ. ತುಂಬಿ ಹೊರಗ ಚೆಲ್ಲಾಕತ್ತದ.”

೨. ಹಗಲು ದೀಪ

ಖಜೂರಿ ಊರಿನ ಟ್ರಕ್ ಮಾಲೀಕನ ಮಗಳನ್ನು ಲಗ್ನಕ್ಕೆ ಕೇಳಿದ್ದೆ. ನನ್ನಂಥವನಿಗೆ ಹೆಣ್ಣು ಕೊಡಲು ಆತ ಓಡಿ ಬರಬೇಕಿತ್ತು. ಬಂದ, ಖರೆ. ಸತ್ತ ಬ್ಯಾಟರಿ ಹೊತ್ತುಕೊಂಡು.

“ನಿನ್ನ ಕೈಕಸುಬಿನ ಹುನ್ನರ ನೀನೇ ಭಾಳ ಹೇಳ್ತೀಯಂತ. ಇದನ್ನ ತುಂಬಿಸಿಡು. ಮೂರನೇ ದಿನ ಸಂಜಿಗೆ ಟ್ರಕ್ ತರ್ತೇನಿ. ಇದರ ಮ್ಯಾಲ ಚಾಲೂ ಆತಂದ್ರ ಹೆಣ್ಣು ನಿಂದು.”

“ಆಗಲಿಲ್ಲಂದ್ರ?”

“ಬ್ಯಾಟರಿ ನಂದು, ಹೆಣ್ಣೂ ನಂದು.”

ಕರೆಂಟು ಹದ್ದುಮೀರದಿರಲಿ ಅಂತ ನಡುವೆ ಒಂದು ಬಲ್ಬು ಕೂಡಿಸಿ, ಬ್ಯಾಟರಿಯನ್ನು ಚಾರ್ಜರಿಗೆ ಹಚ್ಚಿದೆ. ಆ ಬಲ್ಬಿನೊಳಗಿಂದಲೇ ಕರೆಂಟು ಹಾಯಬೇಕು. ಬಲ್ಬು ತೆಗೆದರೆ ಎಲ್ಲ ಬಂದ್. ಮೂರನೇ ದಿನ ಹೊಲದಿಂದ ಮಧ್ಯಾಹ್ನವೇ ಬಂದು ನೋಡಿದರೆ, ಬಲ್ಬು ಅವ್ವನ ಸೆರಗಿನ ಗಂಟಿನಲ್ಲಿ.

“ದಿನಾ ಮುಂಜಾನೆ ತೆಗೀತಿದ್ದೆ. ನೀ ಬರೋ ಹೊತ್ತಿಗೆ ಹಾಕ್ತಿದ್ದೆ,” ಅಂದಳು.

“ಯಾಕಬೇ?”

“ಹಾಡಹಗಲು ದೀಪ ಹಚ್ಚೋ ಮನಿಗೆ ಯಾರರ ಹೆಣ್ಣು ಕೊಡ್ತಾರೇನಲೇ?”

೩. ಪರೀಕ್ಷೆ

ಅವತ್ತೇ ಸಂಜೆ ಟ್ರಕ್ ಬಂತು. ಖಜೂರಿಯಲ್ಲಿ ದಬ್ಬಿಸಿ ಚಾಲೂ ಮಾಡಿಕೊಂಡು ಬಂದಿದ್ದ ಮಾಲೀಕ, ನಮ್ಮ ಓಣಿಯಲ್ಲಿ ಎಂಜಿನ್ ಬಂದ್ ಮಾಡಿ ನನ್ನ ಬ್ಯಾಟರಿ ಕೂಡಿಸಿದ. ಚಾವಿ ತಿರುವಿದ. ಟ್ರಕ್ ಒಮ್ಮೆ ನರಳಿ ಸುಮ್ಮನಾಯಿತು. ಮತ್ತೆ ತಿರುವಿದ. ಈ ಸಲ ನರಳಲೂ ಇಲ್ಲ.

ನಾನು ಆಕಾಶ ನೋಡುತ್ತ ನಿಂತೆ. ಅಷ್ಟರಲ್ಲಿ ನಾ ಕರೆಯದೆಯೇ ಓಣಿಯ ಇಪ್ಪತ್ತು ಮಂದಿ ಬಂದು ಟ್ರಕ್ಕಿಗೆ ಹೆಗಲು ಕೊಟ್ಟರು. ಮುಂದಾಳು ಟೇಲರ್ ಚಾಚಾ. ಊರ ಅಗಸಿ ಬಾಗಿಲು ದಾಟುವುದರೊಳಗೆ ಎಂಜಿನ್ ಚಾಲೂ ಆಯಿತು.

ಮಾಲೀಕ ಕೆಳಗಿಳಿದು ಬಂದ.

“ನಿನ್ನ ಚಾರ್ಜರು ದಂಡ. ಆದ್ರ ಕರೀದೇನೇ ಇಷ್ಟು ಮಂದಿ ಓಡಿಬಂದು ದಬ್ಬತಾರಂದ್ರ, ಊರಾಗ ನಿನ್ನ ಕಿಮ್ಮತ್ತು ಸಣ್ಣದಲ್ಲ. ಹೆಣ್ಣು ಕೊಟ್ಟೆ, ಹೋಗು.”

ನಾನು ಎದೆ ಉಬ್ಬಿಸಿ, ಮಂದಿಯ ಪ್ರೀತಿಯನ್ನು ಕಿರುನಗೆಯಿಂದ ಸ್ವೀಕರಿಸಿದೆ. ಚಾಚಾ ಬೆವರು ಒರೆಸಿಕೊಳ್ಳುತ್ತ ನನ್ನ ಕಿವಿಯ ಹತ್ತಿರ ಬಂದ.

“ಟ್ರಕ್ ನನ್ನ ದುಕಾನಿನ ಬಾಗಲಕ್ಕ ಅಡ್ಡ ನಿಂತಿತ್ತು ಬೇಟಾ. ಒಳಗಿನ ಗಿರಾಕಿ ಹೊರಗ ಬರ್ಲಾರ್ದ ಒದರಾಕತ್ತಿದ್ರು, ಅದಕ್ಕ ನಾನೇ ಮಂದಿ ಕೂಡಿಸಿದೆ. ಚಿಂತಿ ಮಾಡಬ್ಯಾಡ, ನಿನ್ನ ಲಗ್ನ ಆದ ಮ್ಯಾಲೇ ನಿಮ್ಮ ಮಾವಗ ಇದನ್ನ ಹೇಳ್ತೇನಿ.”