ಹಿಂಬಾಗಿಲಿನ ನೆಗ್ಗನ್ನು ನನ್ನ ಹೆಸರಿಗೆ ದಾಖಲಿಸಿಕೊಳ್ಳುವ ಬಗ್ಗೆ

ಇಂದ:
ನೀರು ಸರಬರಾಜು ಕಚೇರಿಯ ರಜೆ ವಿಭಾಗದ ಹಿರಿಯ ಗುಮಾಸ್ತ,
ಮೂರನೇ ಮಹಡಿ, ಕಿಟಕಿಯಿಲ್ಲದ ಕಡೆ.

ಗೆ:
ಶಾಖಾ ವ್ಯವಸ್ಥಾಪಕರು,
ಮೋಟಾರು ವಿಮೆ ವಿಭಾಗ.

ವಿಷಯ: ಹನ್ನೊಂದು ತಿಂಗಳ ಹಿಂದೆ ನಮ್ಮ ಕಾರಿನ ಎಡಗಡೆಯ ಹಿಂಬಾಗಿಲಿಗೆ ಆದ ನೆಗ್ಗು ನನ್ನಿಂದಲೇ ಆದದ್ದೆಂದು ದಾಖಲಿಸಿಕೊಂಡು, ನೋ ಕ್ಲೈಮ್ ಬೋನಸ್ ಎಂಬ ರಿಯಾಯಿತಿಯನ್ನು ರದ್ದುಪಡಿಸುವ ಕುರಿತು.

ಉಲ್ಲೇಖ: 1) ತಮ್ಮ ಕಚೇರಿ ವರ್ಷಕ್ಕೊಮ್ಮೆ ಕಳಿಸುವ ಅಭಿನಂದನಾ ಪತ್ರಗಳು, ಒಟ್ಟು ಒಂಬತ್ತು.
2) ನನ್ನ ಹೆಂಡತಿಯ ಚಾಲನಾ ಪರವಾನಗಿ. ಅವಧಿ ಬರುವ ಸೋಮವಾರ ಮುಗಿಯುತ್ತದೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ಅಪಘಾತವಾದ ಎರಡು ದಿನದೊಳಗೆ ಕೊಡಬೇಕಾದ ಅರ್ಜಿಯನ್ನು ಹನ್ನೊಂದು ತಿಂಗಳು ತಡವಾಗಿ ಕೊಡುತ್ತಿದ್ದೇನೆ. ತಡಕ್ಕೆ ಕಾರಣ ಅನಾರೋಗ್ಯವಲ್ಲ, ಹೇಡಿತನ. ಸಹೋದ್ಯೋಗಿಗಳ ರಜೆ ಅರ್ಜಿಗಳ ಮೇಲೆ ಇಪ್ಪತ್ತೆರಡು ವರ್ಷಗಳಿಂದ "ಕಾರಣ ಸ್ಪಷ್ಟವಾಗಿಲ್ಲ" ಎಂದು ಕೆಂಪು ಶಾಯಿಯಲ್ಲಿ ಬರೆದು ವಾಪಸು ಕಳಿಸುತ್ತ ಬಂದವನಾದ್ದರಿಂದ, ನನ್ನ ಕಾರಣವನ್ನು ಸ್ಪಷ್ಟವಾಗಿಯೇ ಬರೆದಿದ್ದೇನೆ.

1. ಒಂದು ವರ್ಷ ಕ್ಲೈಮ್ ಕೇಳದಿದ್ದರೆ ಮುಂದಿನ ವರ್ಷದ ಕಂತಿನಲ್ಲಿ ರಿಯಾಯಿತಿ. ಹೀಗೆ ವರ್ಷ ವರ್ಷವೂ ಏರಿ ಅರ್ಧದವರೆಗೆ. ಒಂದೇ ಒಂದು ಸಲ, ಅದೆಷ್ಟೇ ಚಿಕ್ಕದಿರಲಿ, ಕ್ಲೈಮ್ ಕೇಳಿದರೆ ಸೀದಾ ಕೆಳಗೆ. ಇದನ್ನು ತಮಗೇ ವಿವರಿಸುವುದು ಅಧಿಕಪ್ರಸಂಗ, ಆದರೂ ಕಡತದಲ್ಲಿ ಇರಲಿ. ನನಗೆ ಶಾಲೆಯಲ್ಲಿ ಬಹುಮಾನ ಬಂದದ್ದಿಲ್ಲ, ಕಚೇರಿಯಲ್ಲಿ ಬಡ್ತಿ ಬಂದದ್ದು ಒಂದೇ ಸಲ. ಹೀಗಿರುವಾಗ "ತಮ್ಮ ಜಾಗರೂಕ ಚಾಲನೆಗೆ ಅಭಿನಂದನೆಗಳು" ಎಂದು ಮುದ್ರಿಸಿದ ಕಾಗದ ಮನೆಗೆ ಬಂದರೆ ಮನುಷ್ಯ ಕೆಡದೆ ಇರುತ್ತಾನೆಯೇ? ಕೆಟ್ಟೆ. ಮನೆಗೆ ಬಂದವರಿಗೆ ಕಾಫಿಗಿಂತ ಮುಂಚೆ ಆ ಪತ್ರ ತೋರಿಸುತ್ತಿದ್ದೆ.

2. ಆ ಒಂಬತ್ತು ವರ್ಷಗಳಲ್ಲಿ ನಾನು ಎಲ್ಲಿಗೂ ಗುದ್ದಲಿಲ್ಲ ಎಂದು ತಾವು ಭಾವಿಸಬಾರದು. ಎದುರುಮನೆಯ ಗೇಟಿಗೆ ಒಮ್ಮೆ, ಹೂಕುಂಡಕ್ಕೆ ಎರಡು ಸಲ, ನಿಂತಿದ್ದ ಸಿಮೆಂಟ್ ಲಾರಿಗೆ ಒಮ್ಮೆ. ಪ್ರತಿ ಸಲವೂ ಡೆಂಟಿಂಗ್ ಮೇಸ್ತ್ರಿಗೆ ಕೈಯಿಂದ ದುಡ್ಡು ಕೊಟ್ಟು ರಿಪೇರಿ ಮಾಡಿಸಿ ರಿಯಾಯಿತಿಯನ್ನು ಕಾಪಾಡಿಕೊಂಡೆ. ಉಳಿಸಿದ್ದು ಹೆಚ್ಚೋ ಕಳೆದದ್ದು ಹೆಚ್ಚೋ ಎಂದು ಮೇಸ್ತ್ರಿ ಒಮ್ಮೆ ಕೇಳಿದ. ಆಮೇಲೆ ನಾನು ಮೇಸ್ತ್ರಿಯನ್ನೇ ಬದಲಾಯಿಸಿದೆ.

3. ಹನ್ನೊಂದು ತಿಂಗಳ ಹಿಂದೆ, ಹೆಂಡತಿಗೆ ರಜೆಯಿದ್ದ ಒಂದು ಮಂಗಳವಾರ, ನಮ್ಮ ಕಚೇರಿಯ ನೆಲಮಾಳಿಗೆಯಲ್ಲಿ ಕಾರನ್ನು ಹಿಂದಕ್ಕೆ ತೆಗೆಯುವಾಗ ಎಡಗಡೆಯ ಕಂಬಕ್ಕೆ ತಾಗಿಸಿದೆ. ಕಂಬ ಹತ್ತು ವರ್ಷದಿಂದ ಅಲ್ಲೇ ಇದೆ. ಹಿಂಬಾಗಿಲು ಅಂಗೈ ಅಗಲ ನೆಗ್ಗಿತು. ಮನೆಗೆ ಹೋಗಿ ಹೇಳೋಣವೆಂದುಕೊಂಡೆ. ಊಟದ ಹೊತ್ತಿಗೆ ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ಬೆಳಗಾಯಿತು.

4. ನನ್ನ ಹೆಂಡತಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಆರಕ್ಕೇ ಹೊರಟು, ಹಾಸಿಗೆ ಬಿಟ್ಟು ಏಳಲಾಗದವರ ಮನೆಗಳಿಗೆ ಹೋಗಿ ರಕ್ತ ತರುವುದು ಅವಳ ಕೆಲಸ. ಮೂವತ್ತೆಂಟನೇ ವಯಸ್ಸಿಗೆ, ನಾನು ಬೇಡವೆಂದರೂ ಕೇಳದೆ, ಡ್ರೈವಿಂಗ್ ಕಲಿತವಳು. ಬುಧವಾರ ಎಂದಿನಂತೆ ಕಾರು ತೆಗೆದುಕೊಂಡು ಹೋಗಿಬಂದಳು. ಸಂಜೆ ನಾನು ಕಾರಿನ ಸುತ್ತ ಒಂದು ಸುತ್ತು ಹಾಕಿ, ಆಗತಾನೇ ಕಂಡವನಂತೆ, ಮಗಳ ಎದುರಿಗೇ, ಇದೇನಿದು ಎಂದೆ.

ಮಾನ್ಯರೇ, ಅವಳು ವಾದ ಮಾಡಿದ್ದರೆ ನಾನು ಒಪ್ಪಿಕೊಂಡುಬಿಡುತ್ತಿದ್ದೆನೇನೋ. ಅವಳು ಬಗ್ಗಿ ನೋಡಿ, ಬೆರಳಿನಿಂದ ಸವರಿ, "ನಾನೇ ಇರ್ಬೇಕು ಅಲ್ವಾ? ನಂಗೆ ಗೊತ್ತೇ ಆಗ್ಲಿಲ್ಲ, ಸಾರಿ ರೀ," ಎಂದಳು.

ನಾನು ಏನೆಂದೆ ಗೊತ್ತೇ? ಹೋಗಲಿ ಬಿಡು, ಕ್ಲೈಮ್ ಮಾಡುವುದು ಬೇಡ, ನನ್ನ ರಿಯಾಯಿತಿ ಹೋಗುತ್ತದೆ, ಹೇಗೋ ನೋಡಿಕೊಳ್ಳುತ್ತೇನೆ ಎಂದೆ. ದೊಡ್ಡ ಮನಸ್ಸಿನ ಗಂಡನೆಂದು ಅತ್ತೆಯವರು ಫೋನಿನಲ್ಲಿ ಹೊಗಳಿದರು. ಹೊಗಳಿಸಿಕೊಂಡೆ.

5. ಮಾರನೇ ದಿನ ಅವಳು ಕಾರಿನ ಕೀಲಿಯನ್ನು ನನ್ನ ಕೈಗಿಟ್ಟಳು. "ಗುದ್ದಿದ್ದೇ ಗೊತ್ತಾಗ್ಲಿಲ್ಲ ಅಂದ್ರೆ, ನಾಳೆ ಯಾವುದಾದ್ರೂ ಮಗೂಗೆ ಗುದ್ದಿದ್ರೂ ಗೊತ್ತಾಗಲ್ಲ. ನಾನಿನ್ನು ಓಡ್ಸಲ್ಲ." ಅಂದಿನಿಂದ ರಕ್ತದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಓಡಾಡುತ್ತಿದ್ದಾಳೆ. ದಿನಕ್ಕೆ ಎಂಟು ಮನೆ ಮುಗಿಸುತ್ತಿದ್ದವಳಿಗೆ ಈಗ ನಾಲ್ಕು ಮುಗಿಸುವುದರೊಳಗೆ ಸಾಕಾಗುತ್ತದೆ. ಕಣ್ಣಿನ ಡಾಕ್ಟರ ಬಳಿ ಹೋಗಿ ಪರೀಕ್ಷೆ ಮಾಡಿಸಿಕೊಂಡಳು. ಅವರು ದೋಷವೇನೂ ಇಲ್ಲ ಎಂದರೆ ಇನ್ನೊಬ್ಬ ಡಾಕ್ಟರ ಬಳಿ ಹೋದಳು. ಮಗಳು ಗೆಳತಿಗೆ ನಗುನಗುತ್ತ "ನಮ್ಮಮ್ಮಂಗೆ ಗಾಡಿ ಬರಲ್ಲ ಕಣೇ" ಎಂದಾಗ, ತಾನೂ ಜೊತೆಗೆ ನಕ್ಕಳು. ನಾನು ಪೇಪರಿನಲ್ಲಿ ಮುಖ ಮುಚ್ಚಿಕೊಂಡೆ.

6. ಕಳೆದ ವಾರ ಪರವಾನಗಿ ನವೀಕರಣದ ಸೂಚನೆ ಬಂತು. ಇನ್ನೇಕೆ ಇದು ಎಂದು ಅವಳು ಅದನ್ನು ಹಳೇ ಪೇಪರಿನ ಕಟ್ಟಿಗೆ ಸೇರಿಸಿದಳು. ನಾನು ಎತ್ತಿಕೊಂಡು ಜೇಬಿನಲ್ಲಿಟ್ಟುಕೊಂಡೆ. ಸೋಮವಾರ ದಾಟಿದರೆ ಅವಳು ಮತ್ತೆ ಸ್ಟೀರಿಂಗ್ ಮುಟ್ಟುವುದಿಲ್ಲ. ಅವಳ ಹಟ ನನಗೆ ಗೊತ್ತು.

7. ಆದಕಾರಣ, ಕ್ಲೈಮ್ ಫಾರಂ ತರಲು ತಮ್ಮ ಏಜೆಂಟರ ಬಳಿ ಹೋದೆ. ಫಾರಮ್ಮಿನಲ್ಲಿ "ಅಪಘಾತದ ವೇಳೆ ವಾಹನ ಓಡಿಸುತ್ತಿದ್ದವರು ಯಾರು?" ಎಂಬ ಕಾಲಂ ಇದೆ. ನನಗೆ ಬೇಕಾಗಿದ್ದುದು ಅದೊಂದೇ. ಬಾಯಿಬಿಟ್ಟು ಹೇಳಲಾಗದ್ದನ್ನು ಕಾಲಂ ತುಂಬಿಯಾದರೂ ಹೇಳೋಣವೆಂಬುದು ಗುಮಾಸ್ತನ ಬುದ್ಧಿ. ಹೆಂಡತಿಗೆ ತಿಳಿಯದಂತೆ ಸಲ್ಲಿಸಿ, ತಮ್ಮ ಉತ್ತರ ಅಂಚೆಯಲ್ಲಿ ಅವಳ ಕೈಗೆ ಸಿಗಲಿ, ಆ ಹೊತ್ತಿಗೆ ನಾನು ಕಚೇರಿಯಲ್ಲಿರೋಣ ಎಂದು ಹಂಚಿಕೆ ಹಾಕಿದ್ದೆ. ಏಜೆಂಟರು ಕಂಪ್ಯೂಟರ್ ನೋಡಿ, "ಸಾರ್, ಪಾಲಿಸಿ ಮೇಡಮ್ ಹೆಸರಲ್ಲಿದೆ. ಸಹಿ ಅವರೇ ಹಾಕ್ಬೇಕು," ಎಂದರು.

ನಿಜ. ಲ್ಯಾಬಿನವರು ಸಾಲ ಕೊಟ್ಟಿದ್ದರಿಂದ ಕಾರು ಅವಳ ಹೆಸರಿನಲ್ಲಿ ಬಂದಿತ್ತು. ಒಂಬತ್ತೂ ಅಭಿನಂದನೆಗಳು ಅವಳಿಗೆ ಬಂದವು. ವಿಳಾಸ ಓದುವ ಅಭ್ಯಾಸ ನನಗಿಲ್ಲ.

ಆದ್ದರಿಂದ, ನೆಗ್ಗು ನನ್ನದೆಂದು ದಾಖಲಿಸಿ ರಿಯಾಯಿತಿಯನ್ನು ಕಿತ್ತುಹಾಕಬೇಕಾಗಿಯೂ, ತಡವಾದ ಕಾರಣ ಅರ್ಜಿ ತಿರಸ್ಕೃತವಾಗುವುದಾದರೆ "ಪಾಲಿಸಿದಾರರ ಗಂಡ ಮಾಡಿದ ಅಪಘಾತದ ಅರ್ಜಿಯನ್ನು ತಿರಸ್ಕರಿಸಲಾಗಿದೆ" ಎಂದು ದಪ್ಪ ಅಕ್ಷರಗಳಲ್ಲಿ, ಸೋಮವಾರದೊಳಗೆ, ತಿಳಿಸಬೇಕಾಗಿಯೂ ಕೋರುತ್ತೇನೆ. ಪಾಲಿಸಿದಾರರ ಸಹಿಗಾಗಿ ಈ ಅರ್ಜಿಯನ್ನು ಇಂದು ಸಂಜೆ ಅವರ ಮುಂದೆ ಇಡಲಾಗುವುದು.

ಇಷ್ಟು ದಿನ ಯಾರ ವಿಶ್ವಾಸಕ್ಕೂ ತಕ್ಕವನಲ್ಲದಿದ್ದರೂ, ಇಂದಿನಿಂದ
ತಮ್ಮ ವಿಶ್ವಾಸಿ,
(ಸಹಿ) ಪಾಲಿಸಿದಾರರ ಗಂಡ

ಪಾಲಿಸಿದಾರರ ಸಹಿ: ....................

ಲಗತ್ತುಗಳು:
1) ನೆಲಮಾಳಿಗೆಯ ಕಂಬದ ಫೋಟೋ, ನಮ್ಮ ಕಾರಿನ ಬಣ್ಣ ಮೆತ್ತಿಕೊಂಡಿರುವುದು.
2) ಇಬ್ಬರು ಕಣ್ಣಿನ ಡಾಕ್ಟರ ಚೀಟಿಗಳು.
3) ಪರವಾನಗಿ ನವೀಕರಣದ ಸೂಚನೆ, ಸ್ವಲ್ಪ ಮುದುಡಿದೆ.

ತಾಜಾ ಕಲಂ: ಪಾಲಿಸಿದಾರರು ಅಡುಗೆಮನೆಯಲ್ಲಿ ನಿಂತುಕೊಂಡೇ ಅರ್ಜಿಯನ್ನು ಎರಡು ಸಲ ಓದಿದರು. ಬೈಯಲಿಲ್ಲ. ಮೂರನೇ ಲಗತ್ತನ್ನು ಮಾತ್ರ ತಮ್ಮ ಬ್ಯಾಗಿಗೆ ಹಾಕಿಕೊಂಡು, ಉಳಿದದ್ದನ್ನು ವಾಪಸು ಕೊಟ್ಟು, "ಅವತ್ತು ಮಗಳ ಮುಂದೆ ಹೇಳಿದ್ರಿ. ಇದನ್ನೂ ಅವಳ ಮುಂದೇನೇ ಓದಿ. ಸಹಿ ಆಮೇಲೆ," ಎಂದರು. ಮಗಳು ಶಾಲೆಯ ಪ್ರವಾಸಕ್ಕೆ ಹೋಗಿದ್ದು, ನಾಳೆ ಸಂಜೆ ನಾಲ್ಕಕ್ಕೆ ಬರುತ್ತಾಳೆ. ಆದಕಾರಣ, ಹನ್ನೊಂದು ತಿಂಗಳ ವಿಳಂಬದ ಜೊತೆಗೆ ಇನ್ನೂ ಒಂದು ದಿನದ ವಿಳಂಬವನ್ನು ಮನ್ನಿಸಬೇಕಾಗಿ ವಿನಂತಿ.