ಎರವಲು ನಾಯಿಗಳ ಊರಿನಿಂದ

ಪ್ರಾಣಿ ನಿಯಂತ್ರಣ ಮೇಲ್ವಿಚಾರಣಾ ಸಮಿತಿಯ ಘನ ಅಧ್ಯಕ್ಷರ ಸನ್ನಿಧಾನಕ್ಕೆ,

ಮಾನ್ಯರೇ,

ಹಿಟ್ಟಿನ ಗಿರಣಿಯವನಾದ ನಾನು ಕೈಗಂಟಿದ ಹಿಟ್ಟನ್ನು ತೊಳೆದುಕೊಂಡು, ತಮಗೂ, ತಾವು ಕೂರುವ ತಿರುಗುಕುರ್ಚಿಗೂ, ತಾವು ಕೂರದಿರುವಾಗ ಅದೇ ಕುರ್ಚಿಯಲ್ಲಿ ಕೂರುವ ಗುಮಾಸ್ತರಿಗೂ ಕ್ರಮವಾಗಿ ನಮಸ್ಕರಿಸಿ ಬರೆದುಕೊಳ್ಳುವ ಬಹಿರಂಗ ಪತ್ರವಿದು. ಇದರಲ್ಲಿರುವ ಸಂಗತಿಯನ್ನು ಮೊದಲು ಹೇಳಿದವನು ತಮ್ಮದೇ ನಾಯಿವ್ಯಾನಿನ ಡ್ರೈವರ್. ಹೇಳಿದ್ದು ಕಳೆದ ಬುಧವಾರ ಬೆಳಗ್ಗೆ ಹನ್ನೊಂದರ ಸುಮಾರಿಗೆ, ನನ್ನ ಗಿರಣಿಯಲ್ಲಿ. ಗಿರಣಿ ಓಡುತ್ತಿದ್ದರೆ ಯಾರು ಏನೇ ಹೇಳಿದರೂ ಪಕ್ಕದವರಿಗೆ ಕೇಳಿಸುವುದಿಲ್ಲ. ಆದರೆ ಅವನು ಬಾಯಿ ತೆರೆದ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಹೀಗಾಗಿ ನನ್ನ ಕಿವಿಗೆ ಮಾತ್ರ ಹಾಕಬೇಕೆಂದಿದ್ದ ಮಾತು, ಡಬ್ಬ ಹಿಡಿದು ಸರದಿಯಲ್ಲಿ ನಿಂತಿದ್ದ ಎಂಟು ಮಂದಿಗೂ ಕೇಳಿಸಿಬಿಟ್ಟಿತು. ತಪ್ಪು ಕರೆಂಟಿನದು. ಅವನ ಮೇಲೆ ದಯವಿಟ್ಟು ಕ್ರಮ ಕೈಗೊಳ್ಳಬಾರದು.

ಅವನು ಹೇಳಿದ್ದನ್ನು ಹೇಳುವ ಮೊದಲು ತಮ್ಮ ಸಮಿತಿಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡದಿದ್ದರೆ ನನ್ನ ನಾಲಿಗೆ ಸುಮ್ಮನಿರುವುದಿಲ್ಲ. ಸಮಿತಿ ಬರುವ ಮೊದಲು ಈ ಸುತ್ತಿನ ಹದಿನೆಂಟು ಹಳ್ಳಿಗಳಿಗೆ ಒಂದು ವ್ಯಾನು, ಒಬ್ಬ ಡ್ರೈವರ್, ಬಲೆ ಬೀಸುವ ಒಬ್ಬ ಆಳು ಇದ್ದರು. ಎಲ್ಲಾದರೂ ನಾಯಿ ಕಚ್ಚಿತೆಂದು ಕೇಳಿದರೆ ಅವರಿಬ್ಬರೂ ಹೋಗಿ ಹಿಡಿದು ತರುತ್ತಿದ್ದರು. ಹೀಗೆ ಹಿಂದುಮುಂದು ನೋಡದೆ ಕೆಲಸ ಮುಗಿಸಿಬಿಡುವ ಒರಟು ಪದ್ಧತಿಯನ್ನು ತಪ್ಪಿಸಲೆಂದೇ ಅವರಿಬ್ಬರ ಮೇಲೆ ಏಳು ಮಂದಿ ಸದಸ್ಯರು ಬಂದು ಕೂತಿರಿ. ಈಗ ಬಲೆಯವನು ಬಲೆ ಎತ್ತಬೇಕಾದರೆ ಅರ್ಜಿ ತುಂಬಬೇಕು. ಅದರಲ್ಲಿ ನಾಯಿಯ ಬಣ್ಣ, ವಯಸ್ಸು, ಸ್ವಭಾವ, ಮತ್ತು ಅನುಮತಿ ಸಿಗುವ ದಿನ ಅದು ಎಲ್ಲಿ ನಿಂತಿರುತ್ತದೆ ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು. ಅನುಮತಿ ಬರಲು ಆರು ವಾರ ಬೇಕು. ಅಷ್ಟು ದಿನ ಒಂದೇ ಕಡೆ ನಿಲ್ಲುವ ಶಿಸ್ತನ್ನು ನಮ್ಮ ಬೀದಿನಾಯಿಗಳು ಇನ್ನೂ ಕಲಿತಿಲ್ಲ. ಅದಕ್ಕೆ ತಾವೇನು ಮಾಡುತ್ತೀರಿ?

ಪಾಳುಬಿದ್ದ ಕೋಳಿ ಫಾರಂ ಹಿಂದೆ ಐದು ನಾಯಿಗಳ ಒಂದು ಗುಂಪಿದೆ ಎಂಬುದನ್ನು ತಾವು ಬಲ್ಲಿರಿ. ಅದನ್ನು ‘ಗಮನಿಸುತ್ತಿರಬೇಕು’ ಎಂದು ಮೂರು ಸಭೆಗಳಲ್ಲಿ ಠರಾವು ಮಾಡಿದ್ದೀರಿ. ಅವೂ ನಮ್ಮನ್ನು ಗಮನಿಸುತ್ತಿವೆ. ನಮ್ಮ ಅಂಚೆ ಅಕ್ಕನ ಹಿಮ್ಮಡಿಗೆ ಅವುಗಳಲ್ಲೊಂದು ಬಾಯಿ ಹಾಕಿದಾಗ ಅವಳು ದೂರು ಕೊಟ್ಟಳು. ಸಮಿತಿಯಿಂದ ಬಹಳ ಗೌರವದ ಉತ್ತರವೇ ಬಂತು: ಕಚ್ಚಿದ ನಾಯಿಯನ್ನು ಗುರುತಿಸಲು ಅನುಕೂಲವಾಗುವಂತೆ ಅದನ್ನು ಕಚೇರಿಗೆ ಕರೆತರಬೇಕಾಗಿ ಕೋರಲಾಗಿತ್ತು. ಅಂಚೆ ಅಕ್ಕ ಆ ಪತ್ರವನ್ನು ತಾನೇ ತಂದು, ತನಗೇ ಬಟವಾಡೆ ಮಾಡಿಕೊಂಡು, ಓದಿ ಮಡಚಿ, ಕುಂಟುತ್ತಾ ಮುಂದಿನ ಮನೆಗೆ ಹೋದಳು.

ಹೀಗಿರುವಾಗ ಹಿಡಿದ ನಾಯಿಗಳನ್ನು ಇಡುವ ತಮ್ಮ ಶೆಡ್ಡಿನ ಹತ್ತು ಗೂಡುಗಳು ತಿಂಗಳುಗಟ್ಟಲೆ ಖಾಲಿ ಬೀಳುವುದು ಸಹಜ. ಆದರೆ ಪ್ರತಿ ತಿಂಗಳ ಮೊದಲ ಬುಧವಾರ ತಾವು ಏಳು ಮಂದಿಯೂ ತಪಾಸಣೆಗೆ ಬರುತ್ತೀರಿ. ಖಾಲಿ ಗೂಡು ಕಂಡರೆ ತಮಗೆ ಬೇಸರ; ತಮಗೆ ಬೇಸರವಾದರೆ ಡ್ರೈವರಿಗೂ ಬಲೆಯವನಿಗೂ ನೋಟೀಸು. ಆದ್ದರಿಂದ, ಮಾನ್ಯರೇ, ಎರಡು ವರ್ಷದಿಂದ ನಮ್ಮಲ್ಲೊಂದು ರೂಢಿ ಬೆಳೆದಿದೆ. ಮಂಗಳವಾರ ಸಂಜೆ ಡ್ರೈವರ್ ಮನೆಮನೆಗೆ ಬಂದು, “ಅಕ್ಕಾ, ನಾಳೆ ಒಂದು ದಿನ ನಿಮ್ಮ ನಾಯಿ ಕೊಡಿ, ಮಧ್ಯಾಹ್ನದ ಊಟದ ಹೊತ್ತಿಗೆ ತಂದು ಬಿಡ್ತೀನಿ” ಎನ್ನುತ್ತಾನೆ. ಒಳ್ಳೆಯ ಹುಡುಗ, ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಕೆಲಸ ಉಳಿಯಲಿ ಎಂದು ನಾವು ಕೊಡುತ್ತೇವೆ. ಶೆಡ್ಡಿನಲ್ಲಿ ಬನ್ನು ಸಿಗುವುದರಿಂದ ನಾಯಿಗಳಿಗೂ ಖುಷಿ. ನನ್ನ ನಾಯಿಯಂತೂ ವ್ಯಾನಿನ ಹಾರ್ನ್ ಕೇಳಿದರೆ ತಾನೇ ಹೋಗಿ ಹತ್ತಿ ಕೂರುತ್ತದೆ. ಹಿಟ್ಟು ಮೆತ್ತಿಕೊಂಡು ಗಿರಣಿಯಿಂದ ನೇರವಾಗಿ ಹೋಗಿದ್ದಾಗ ತಾವು ಅದನ್ನು ‘ಬಿಳಿ, ಉಗ್ರ’ ಎಂದು ಬರೆಸಿದಿರಿ, ಮಳೆಯಲ್ಲಿ ನೆನೆದು ಹೋಗಿದ್ದಾಗ ‘ಕಂದು, ಅತಿ ಉಗ್ರ’ ಎಂದು. ಅದು ಈವರೆಗೆ ಗದರಿಸಿದ್ದು ಒಂದು ಗೋಣಿಚೀಲವನ್ನು ಮಾತ್ರ.

ಈ ತಿಂಗಳ ತಪಾಸಣೆಗೆ ಮೇಕೆಯಜ್ಜಿಯ ನಾಯಿಯೂ ಹೋಗಿತ್ತು. ಮೇಕೆಯಜ್ಜಿ ಎಂದರೆ ಊರ ಕೊನೆಯಲ್ಲಿ, ಕೋಳಿ ಫಾರಂಗೆ ಎದುರಾಗಿ ಇಪ್ಪತ್ತೆರಡು ಮೇಕೆ ಸಾಕಿಕೊಂಡು ಒಬ್ಬಳೇ ಇರುವವಳು. ಕಣ್ಣು ಮಂಜು. ಮೇಕೆಗಳನ್ನು ಹೊಡೆದುಕೊಂಡು ಹೋಗುವುದು, ತಿರುಗಿ ತರುವುದು, ಐದು ನಾಯಿಗಳ ಗುಂಪನ್ನು ದೊಡ್ಡಿಯ ಹತ್ತಿರ ಸುಳಿಯಗೊಡದಿರುವುದು ಎಲ್ಲ ಆ ನಾಯಿಯದೇ. ಹನ್ನೊಂದು ವರ್ಷವಾದರೂ ಅಜ್ಜಿ ಅದನ್ನು ‘ಮರಿ’ ಎಂದೇ ಕರೆಯುತ್ತಾಳೆ. ಅದಕ್ಕೆ ಒಂದು ಕೆಟ್ಟ ಚಟವಿದೆ: ಎದುರು ಯಾರು ನಿಂತರೂ ಮರ್ಯಾದೆಯಿಂದ ಕೂತು ಮುಂಗಾಲು ಚಾಚುತ್ತದೆ. ನಾಲ್ಕನೇ ಗೂಡಿನ ಮುಂದೆ ತಾವು ನಿಂತಾಗಲೂ ಹಾಗೆಯೇ ಮಾಡಿತು.

ಬೇರೆ ಯಾರಾದರೂ ಆಗಿದ್ದರೆ, ಇದು ಸಾಕಿದ ನಾಯಿ ಇರಬೇಕು ಎಂದುಕೊಂಡು ಮೋಸ ಹೋಗುತ್ತಿದ್ದರು. ತಮ್ಮ ಬುದ್ಧಿ ಹಾಗೆ ಸವಕಲು ದಾರಿ ಹಿಡಿಯುವುದಿಲ್ಲ. “ಇಷ್ಟು ಶಿಸ್ತು ಬೀದಿನಾಯಿಗೆ ಎಲ್ಲಿಂದ ಬರಬೇಕು? ಇದು ಯಾವುದೋ ಗುಂಪಿನ ಮುಂದಾಳು” ಎಂದು ತಾವು ಘೋಷಿಸಿದಿರಿ. ಸದಸ್ಯರು ತಲೆದೂಗಿದರು. ಕೋಳಿ ಫಾರಂ ಗುಂಪಿನ ನಾಯಕ ಸಿಕ್ಕಿಬಿದ್ದ ಎಂದು ಅಲ್ಲೇ ಠರಾವಾಯಿತು. ತಾವು ಸ್ವಹಸ್ತದಿಂದ ಅದರ ಕೊರಳಿಗೆ ಹಸಿರು ಬಿಲ್ಲೆ ಕಟ್ಟಿ, ಅದು ಚಾಚಿದ ಕಾಲನ್ನು ಹಿಡಿದುಕೊಂಡು ಫೋಟೋ ತೆಗೆಸಿಕೊಂಡು, ಗೂಡಿಗೆ ಬೀಗ ಹಾಕಿಸಿ, ಬೀಗಕ್ಕೆ ಅರಗಿನ ಮೊಹರು ಒತ್ತಿಸಿ, ಹತ್ತನೇ ದಿನ ಅಂದರೆ ಶುಕ್ರವಾರ ಡಾಕ್ಟರನ್ನು ಕರೆಸಿ ವಿಲೇವಾರಿ ಮಾಡಬೇಕೆಂದು ಅಪ್ಪಣೆ ಕೊಟ್ಟಿರಿ. ಆಮೇಲೆ, ಬೇರೆ ಕಡೆ ಮೇಲ್ವಿಚಾರಣೆಯನ್ನು ಹೇಗೆ ಮೇಲ್ವಿಚಾರಣೆ ಮಾಡುತ್ತಾರೆಂದು ನೋಡಿಬರಲು ಅಧ್ಯಯನ ಪ್ರವಾಸಕ್ಕೆ ಹೊರಟಿರಿ.

ಅಜ್ಜಿ ಎರಡು ಸಲ ಕಚೇರಿಗೆ ನಡೆದುಕೊಂಡು ಹೋದಳು. ಎರಡನೇ ಸಲ ಅವಳ ಕೈ ಹಿಡಿದುಕೊಂಡು ಹೋದವನು ನಾನೇ ಆದ್ದರಿಂದ ಗುಮಾಸ್ತರು ಎಷ್ಟು ಸೌಜನ್ಯದಿಂದ ಮಾತಾಡಿಸಿದರೆಂದು ಬಲ್ಲೆ. “ಅಜ್ಜಿ, ನಾಯಿ ಕಳೆದುಹೋಗಿತ್ತು ಅಂತ ಬರೆದುಕೊಡಿ, ನೋಡೋಣ” ಎಂದರು. ಅಜ್ಜಿ, “ಕಳೆದುಹೋಗಿಲ್ಲಪ್ಪ, ನಿಮ್ಮವನೇ ಬಂದು ಕೇಳಿ ಇಸಕೊಂಡು ಹೋದ. ಈ ವಯಸ್ಸಲ್ಲಿ ಸುಳ್ಳಿಗೆ ಹೆಬ್ಬೆಟ್ಟು ಒತ್ತಿಸಬೇಡ” ಎಂದಳು. ಹಾಗಾದರೆ ಅದು ಮಾಲೀಕರು ಸ್ವಇಚ್ಛೆಯಿಂದ ಒಪ್ಪಿಸಿದ ನಾಯಿಯಾಗುತ್ತದೆ, ಒಪ್ಪಿಸಿದ್ದನ್ನು ಹಿಂದೆ ಕೊಡಲು ನಿಯಮವಿಲ್ಲ, ಮೇಲ್ಮನವಿ ಕೇಳಲು ಕನಿಷ್ಠ ನಾಲ್ವರು ಸದಸ್ಯರು ಬೇಕು, ಐವರು ಪ್ರವಾಸದಲ್ಲಿದ್ದಾರೆ ಎಂದು ಗುಮಾಸ್ತರು ವಿವರಿಸಿದರು. ಅಜ್ಜಿ ಶೆಡ್ಡಿನ ಕಡೆ ಮುಖ ಮಾಡಿ “ಮರೀ” ಎಂದು ಒಮ್ಮೆ ಕೂಗಿದಳು. ಒಳಗಿನಿಂದ ಉತ್ತರ ಬಂತು. ಅದನ್ನು ಕಡತದಲ್ಲಿ ದಾಖಲಿಸಲು ಕಾಲಂ ಇರಲಿಲ್ಲ.

ಐದನೇ ದಿನ ಬೆಳಗಿನ ಜಾವ ಗುಂಪು ಅಜ್ಜಿಯ ದೊಡ್ಡಿಗೆ ನುಗ್ಗಿ ಎರಡು ಮೇಕೆಮರಿಗಳನ್ನು ಎಳೆದುಕೊಂಡು ಹೋಯಿತು. ನಾಯಕನನ್ನು ಬಂಧಿಸಿದ ಮೇಲೂ ಗುಂಪು ಇಷ್ಟು ಸಂಘಟಿತವಾಗಿ ಕೆಲಸ ಮಾಡಿದ್ದನ್ನು ಕಂಡು ತಮಗೂ ಆಶ್ಚರ್ಯವಾದೀತು. ಅಜ್ಜಿ ಮಾರನೇ ದಿನದಿಂದ ದೊಡ್ಡಿಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು, ಕಾಣದ ಕಣ್ಣನ್ನು ಕೋಳಿ ಫಾರಂ ಕಡೆ ನೆಟ್ಟು, ತಟ್ಟೆ ಬಡಿಯುತ್ತಾ ಕೂರತೊಡಗಿದಳು. ಆಗಲೇ ತಮಗೆ ಒಂದು ವಿನಂತಿ ಕಳಿಸಬೇಕೆಂದಿದ್ದೆ: ಮರಿ ಬಿಡುಗಡೆಯಾಗುವವರೆಗೆ ಸಮಿತಿಯ ಸದಸ್ಯರೊಬ್ಬರನ್ನು ಆ ದೊಡ್ಡಿಗೆ ನಿಯೋಜಿಸಬೇಕು, ಅವರಿಗೆ ಬಾಗಿಲ ಬಳಿ ಗೋಣಿತಟ್ಟು ಹಾಸಿಕೊಡಲಾಗುವುದು, ಮೇಕೆ ಎಣಿಸಲು ಬಾರದಿದ್ದರೂ ಚಿಂತೆಯಿಲ್ಲ, ಬೊಗಳಲು ಬಂದರೆ ಸಾಕು. ತಮ್ಮ ಸಭೆಯನ್ನು ಒಮ್ಮೆ ಕಿಟಕಿಯಿಂದ ಕೇಳಿರುವ ನನಗೆ ಆ ಬಗ್ಗೆ ಯಾವ ಅನುಮಾನವೂ ಇರಲಿಲ್ಲ. ಆದರೆ ಒಬ್ಬರನ್ನು ನಿಯೋಜಿಸಲು ನಾಲ್ವರು ಕೂಡಬೇಕು ಎಂಬುದು ನೆನಪಾಗಿ ಸುಮ್ಮನಾದೆ.

ಇನ್ನು ಡ್ರೈವರ್ ಹೇಳಿದ ಮಾತಿಗೆ ಬರುತ್ತೇನೆ. ಬುಧವಾರ ಅವನು ಡಬ್ಬವಿಲ್ಲದೆ ಬಂದಿದ್ದ. ಆಗಲೇ ನನಗೆ ಅನುಮಾನ. “ಗಿರಣಿಯಣ್ಣಾ, ನಾಡಿದ್ದು ಡಾಕ್ಟರು ಬರ್ತಾರೆ. ಅಜ್ಜಿ ನಾಯಿಗೆ ಸೂಜಿ. ಮಧ್ಯಾಹ್ನಕ್ಕೆ ತಂದು ಬಿಡ್ತೀನಿ ಅಂತ ಮಾತು ಕೊಟ್ಟು ತಂದವನು ನಾನು. ಆ ಕಡೆ ರಸ್ತೆಗೆ ವ್ಯಾನು ತಿರುಗಿಸೋಕೇ ಮುಖ ಇಲ್ಲ ನಂಗೆ” ಎಂದ. ಸರದಿಯಲ್ಲಿದ್ದ ಪಂಕ್ಚರ್ ಅಂಗಡಿಯವನು, ಉಳಿದ ನಾಯಿಗಳನ್ನು ತಿಂಗಳು ತಿಂಗಳು ಹೇಗೆ ಬಿಟ್ಟು ಕಳಿಸುತ್ತೀಯೋ ಇದನ್ನೂ ಹಾಗೇ ಕಳಿಸು ಎಂದ. ಆಗ ಡ್ರೈವರ್ ನೆಲ ನೋಡುತ್ತಾ ಹೇಳಿದ್ದು: “ಅವೆಲ್ಲ ಪುಸ್ತಕದಲ್ಲಿ ಸತ್ತು ಹೋಗ್ತಾವಣ್ಣ. ಮಧ್ಯಾಹ್ನ ಗುಮಾಸ್ತರು ಒಂಬತ್ತೋ ಹತ್ತೋ ನಾಯಿಗಳ ಮುಂದೆ ‘ವಿಲೇವಾರಿ’ ಅಂತ ಬರೀತಾರೆ, ನಾನು ಮನೆಗೆ ಬಿಡ್ತೀನಿ. ಇದಕ್ಕೆ ಮೊಹರು ಬಿದ್ದುಬಿಟ್ಟಿದೆ.”

ಡಬ್ಬ ಹಿಡಿದು ನಿಂತಿದ್ದ ಬೇಕರಿ ಅತ್ತಿಗೆ, “ಅಯ್ಯೋ, ನಮ್ಮ ನಾಯಿ ಸತ್ತಿದೆಯೇನೋ? ಬೆಳಗ್ಗೆ ತಾನೇ ಒಂದು ಟ್ರೇ ರಸ್ಕು ತಿಂದು ಹಾಕಿದೆಯಲ್ಲೋ!” ಎಂದಳು. ಅಂಚೆ ಅಕ್ಕ ತನ್ನ ನಾಯಿ ಎಷ್ಟು ಸಲ ಹೋಗಿತ್ತೆಂದು ಬೆರಳು ಮಡಚಿದಳು. ನಾನೂ ಮಡಚಿದೆ. ನನ್ನದು ಹದಿನಾಲ್ಕು ಬಾರಿ ಸತ್ತಿತ್ತು. ಮಾನ್ಯರೇ, ಇಷ್ಟು ನಾಯಿಗಳನ್ನು ಒಂದಕ್ಕೂ ನೋವಾಗದಂತೆ ಕೊಂದ ಆಡಳಿತ ಭೂಮಿಯ ಮೇಲೆ ಇನ್ನೊಂದಿಲ್ಲ; ತಾವು ಪ್ರವಾಸ ಹೋಗಿ ಅಂಥದ್ದನ್ನು ಹುಡುಕುವ ತೊಂದರೆ ತೆಗೆದುಕೊಳ್ಳಬೇಕಾಗಿರಲಿಲ್ಲ. ಕರೆಂಟು ಬಂತು. ಯಾರೂ ಡಬ್ಬ ಮುಂದಿಡಲಿಲ್ಲ.

ಮಾರನೇ ಬೆಳಗ್ಗೆ ಗುರುವಾರ. ಗುರುವಾರ ಹತ್ತರಿಂದ ಹನ್ನೊಂದರವರೆಗೆ ಸಾರ್ವಜನಿಕರು ನೋಂದಣಿ ಪುಸ್ತಕ ನೋಡಬಹುದೆಂದು ತಾವೇ ಬೋರ್ಡು ಬರೆಸಿ ಹಾಕಿದ್ದೀರಿ. ಅದನ್ನು ನಂಬಿ ಬಂದ ಮೊದಲ ಸಾರ್ವಜನಿಕರು ನಾವು. ಗಿರಣಿಯಲ್ಲಿದ್ದ ಎಂಟು ಮಂದಿ, ನಾನು, ನಮ್ಮ ಒಂಬತ್ತು ನಾಯಿಗಳು, ಅಜ್ಜಿ. ನಾಯಿಗಳು ಪರಿಚಿತ ಜಾಗವೆಂದು ಒಳಗೆ ಹೋಗಿ ಬನ್ನಿಗಾಗಿ ಸಾಲಾಗಿ ಕೂತವು. ಬೇಕರಿ ಅತ್ತಿಗೆ ಪುಟದ ಮೇಲೆ ಬೆರಳಿಟ್ಟು, “ಸ್ವಾಮಿ, ಇದು ಆರು ಸಲ ಸತ್ತಿದೆ ಅಂತ ಇಲ್ಲಿದೆ. ಸರಿಯಾಗಿ ನೋಡಿ ಹೇಳಿ, ನಾನು ದಿನಾ ಯಾರಿಗೆ ಊಟ ಹಾಕ್ತಿದ್ದೀನಿ?” ಎಂದು ಕೇಳಿದಳು. ಪಂಕ್ಚರ್ ಅಂಗಡಿಯವನು ತನ್ನದಕ್ಕೆ ಮರಣ ಪ್ರಮಾಣಪತ್ರ ಬೇಕೆಂದ. ಇಲ್ಲವೇ, ಬದುಕಿದೆ ಎಂದು ಸಮಿತಿಯ ಮೊಹರಿನಡಿ ಬರೆದುಕೊಡಬೇಕೆಂದ. ಅಂಚೆ ಅಕ್ಕ, ಯಾವುದನ್ನು ಬರೆದರೂ ಸರಿ, ಜಿಲ್ಲಾ ಕಚೇರಿಗೆ ನೋಂದಾಯಿತ ಅಂಚೆಯಲ್ಲಿ ಇವತ್ತೇ ಒಯ್ಯುವ ಜವಾಬ್ದಾರಿ ನನ್ನದು ಎಂದು ಬೆಂಚಿನ ಮೇಲೆ ಚೀಲ ಇಟ್ಟಳು.

ಗುಮಾಸ್ತರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ನಾಯಿಗಳ ಸಾಲನ್ನು ನೋಡಿದರು, ಮತ್ತೆ ತೆಗೆದರು. ಕೊನೆಗೆ ಪುಸ್ತಕವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ನಾಲ್ಕನೇ ಗೂಡಿನ ಮುಂದೆ ‘ವಿಲೇವಾರಿ’ ಎಂದು ಬರೆದು, ಡ್ರಾಯರಿನಿಂದ ಕೀಲಿ ತೆಗೆದರು. ಅಜ್ಜಿ ಅನುಮಾನದಿಂದ, “ನಾನು ಸುಳ್ಳಿಗೆ ಹೆಬ್ಬೆಟ್ಟು ಒತ್ತಲ್ಲ ಅಂದೆನಲ್ಲಪ್ಪ” ಎಂದಳು. ಅವರು ಮೆಲ್ಲಗೆ, “ಬೇಡ ಅಜ್ಜಿ. ಸಾಯೋದಕ್ಕೆ ನಿಮ್ಮ ಒಪ್ಪಿಗೆ ಕೇಳೋ ನಿಯಮ ಇಲ್ಲ. ಬದುಕಿಸೋದಕ್ಕೆ ಮಾತ್ರ ಕೇಳ್ತಾರೆ” ಎಂದರು. ಮೊಹರು ಒಡೆಯಿತು. ಮರಿ ಹೊರಗೆ ಬಂದು, ಮೊದಲು ಗುಮಾಸ್ತರಿಗೆ ಕಾಲು ಚಾಚಿ, ಆಮೇಲೆ ಅಜ್ಜಿಯ ಸೆರಗನ್ನು ಬಾಯಲ್ಲಿ ಹಿಡಿದು ಮನೆಯ ಕಡೆ ಎಳೆಯಿತು. ಮೇಕೆಗಳು ಕಾಯುತ್ತಿದ್ದವು.

ಇಂತಿ, ಆಡಳಿತದ ಮೇಲೆ ನಂಬಿಕೆಯನ್ನು ಅರೆದು ನುಣ್ಣಗೆ ಮಾಡಿಟ್ಟುಕೊಂಡಿರುವ

ತಮ್ಮ ವಿಶ್ವಾಸಿ,
ಹಿಟ್ಟಿನ ಗಿರಣಿಯವನು

ಮರೆತ ಮಾತು: ಮುಂದಿನ ತಪಾಸಣೆಗೆ ಹತ್ತು ನಾಯಿಗಳು ಬೇಕೆಂಬ ತಮ್ಮ ಕಚೇರಿಯ ಕೋರಿಕೆ ತಲುಪಿದೆ. ಇಂಥ ಕೋರಿಕೆಗಳನ್ನು ಪರಿಶೀಲಿಸಲೆಂದೇ ನಾವು ಊರಿನವರು ಒಂದು ಸಮಿತಿ ಮಾಡಿಕೊಂಡಿದ್ದೇವೆ, ಮೇಕೆಯಜ್ಜಿ ಅಧ್ಯಕ್ಷೆ. ನಾಯಿ ಬೇಕಾಗಿರುವ ಅಧಿಕಾರಿಗಳ ಬಣ್ಣ, ವಯಸ್ಸು, ಸ್ವಭಾವವನ್ನು ತುಂಬಿ ಕಳಿಸಿದರೆ, ಅಜ್ಜಿಗೆ ಮೇಕೆ ಮೇಯಿಸಿ ಬಿಡುವಾದ ದಿನ ಸಭೆ ಸೇರುತ್ತೇವೆ. ಅಲ್ಲಿಯವರೆಗೆ ತಮ್ಮನ್ನು ಗಮನಿಸುತ್ತಿರಬೇಕೆಂದು ಠರಾವಾಗಿದೆ.