ಯಾರನ್ನೂ ನಂಬದ ಕಾವಲು

ಹಾಸಿಗೆ ಕಂಪನಿಯ ಆಫೀಸಿನಲ್ಲಿ ಹಿಂದೊಮ್ಮೆ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಎಳೆದು ತೆಗೆದದ್ದೇ ಆ ಗುಮಾಸ್ತರು ಮಾಡಿದ ತಪ್ಪು. ಅಂದಿನಿಂದ ಅವರು ಎಲ್ಲರ ಬಾಯಲ್ಲಿ ‘ಡಾಕ್ಟ್ರು’. ಯಾವ ಕಂಪ್ಯೂಟರ್ ಕೆಮ್ಮಿದರೂ ಅವರ ತಲೆಗೇ.

ಆ ಬೆಳಿಗ್ಗೆ ಎಲ್ಲ ಪರದೆಗಳ ಮೇಲೂ ಕೆಂಪು ಪಟ್ಟಿ: ಆಂಟಿವೈರಸ್ಸಿನ ಅವಧಿ ಇಂದಿಗೆ ಮುಕ್ತಾಯ. ಯಜಮಾನರು ಕರೆಸಿದರು. ಮೇಜಿನ ಪೆನ್ನಿಗೂ ದಾರ ಕಟ್ಟಿಟ್ಟ ಮನುಷ್ಯ ಅವರು.

“ಸಂಜೆಯೊಳಗೆ ಒಳ್ಳೇದೊಂದು ಆರಿಸಿ ಹಾಕಿ ಡಾಕ್ಟ್ರೇ. ಕಳ್ಳ ಒಳಗೆ ನುಗ್ಗಿದ್ರೆ ನಿಮ್ಮ ಕುರ್ಚೀಲಿ ಬೇರೆಯವ್ರು ಕೂತಿರ್ತಾರೆ.”

ಡಾಕ್ಟರ ಹೆಂಡತಿ, ಮಕ್ಕಳು, ಅತ್ತೆ ಎಲ್ಲರೂ ಆ ಒಂದು ಕುರ್ಚಿಯ ಮೇಲೆಯೇ ಕೂತಿದ್ದರು.

ಸುದ್ದಿ ಹರಡಿದ್ದೇ ತಡ, ಲೆಕ್ಕ ಬರೆಯುವ ಅಕ್ಕ ಹಾಜರಾದರು. “ನಮ್ಮ ಭಾವ ಒಂದು ಮಾರ್ತಾರೆ ಕಣ್ರೀ. ಕಣ್ಮುಚ್ಕೊಂಡು ಹಾಕ್ಸಿ.”

“ಅಯ್ಯೋ, ಅದಾ? ಅದು ಕಳ್ಳನ್ನ ಕರ್ದು ಕಾಫಿ ಕೊಡತ್ತೆ,” ಎಂದ ಪಕ್ಕದ ಮೇಜಿನ ಹಾಸಿಗೆ ಮಾರಾಟದವನು. “ನನ್ನ ಸ್ನೇಹಿತನದು ತಗೊಳ್ಳಿ.”

ಎಂದೂ ಇಲ್ಲದ ಈ ಅಕ್ಕರೆ ಇಂದೇಕೆ? ಡಾಕ್ಟರ ಮೂಗಿಗೆ ಕಮಿಷನ್ನಿನ ವಾಸನೆ ಬಡಿಯಿತು. ಗುಟ್ಟಾಗಿ ಮೂರನೆಯ ಕಂಪನಿಯೊಂದಕ್ಕೆ ಫೋನಾಯಿಸಿದರು.

“ನಮ್ದು ಯಾರನ್ನೂ ನಂಬಲ್ಲ ಸಾರ್. ಒಂದು ವಾರ ಪುಕ್ಕಟೆ ಹಾಕಿ ನೋಡಿ.”

“ಪುಕ್ಕಟೆ? ಯಾಕೆ?”

“ನೀವೂ ನಮ್ಮ ಸಾಫ್ಟ್‌ವೇರ್ ಥರಾನೇ ಬಿಡಿ ಸಾರ್.”

ಆ ಮಾತಿಗೆ ಡಾಕ್ಟ್ರು ಒಲಿದರು. ಆದರೆ ಆಯ್ಕೆ ಗೊತ್ತಾದರೆ ಅಕ್ಕ ಮತ್ತು ಮಾರಾಟದವನು ಅಡ್ಡಗಾಲು ಹಾಕುತ್ತಾರಲ್ಲ! ಎಲ್ಲರೂ ಊಟಕ್ಕೆ ಎದ್ದುಹೋಗುವವರೆಗೆ ಕಾದರು. ಇಡೀ ಆಫೀಸಿಗೆ ಒಂದೇ ಪಾಸ್‌ವರ್ಡ್. ಯಾರೂ ಮರೆಯದಿರಲೆಂದು ಬಾಗಿಲ ಹಿಂದೆ ಅಂಟಿಸಿತ್ತು. ತಮ್ಮ ಮೇಜಿನಿಂದಲೇ ಒಂದೊಂದು ಕಂಪ್ಯೂಟರಿನೊಳಗೂ ಇಳಿದು ಹಳೆಯ ಕಾವಲು ತೆಗೆದರು, ಹೊಸದನ್ನು ಹಾಕಿದರು. ಹೆಜ್ಜೆ ಸಪ್ಪಳ ಕೇಳಿದಾಗಲೆಲ್ಲ ಪರದೆ ಆರಿಸಿ ಸುಮ್ಮನೆ ಆಕಳಿಸಿದರು.

ಎಲ್ಲರೂ ಊಟ ಮುಗಿಸಿ ಬಂದದ್ದೇ ಗಲಾಟೆಯೋ ಗಲಾಟೆ. “ಸಂಬಳದ ಫೈಲ್ ತೆರೀತಿಲ್ಲ! ನನ್ನನ್ನೇ ಕಳ್ಳಿ ಅನ್ನತ್ತಲ್ರೀ ಇದು!” ಎಂದು ಅಕ್ಕ ಕೂಗಿದರು. ಮಾರಾಟದವನ ಇ-ಮೇಲ್ ಪತ್ರಗಳನ್ನೆಲ್ಲ ಅದು ಕಟ್ಟಿಹಾಕಿತ್ತು. ಪ್ರಿಂಟರ್ ಉಸಿರೆತ್ತಲಿಲ್ಲ. ಹೇಳಿದಂತೆ ಯಾರನ್ನೂ ನಂಬುತ್ತಿಲ್ಲವೆಂದು ಡಾಕ್ಟರಿಗೆ ಒಳಗೊಳಗೇ ಹಿಗ್ಗು.

ಸಂಜೆ ಯಜಮಾನರು ಕರೆದರು. ಎಂದೂ ನಗದವರು ನಗುತ್ತಿದ್ದರು.

“ಭೇಷ್! ಈ ಆಫೀಸಲ್ಲಿ ನನ್ನ ಥರ ಯೋಚ್ನೆ ಮಾಡೋದು ಇದೊಂದೇ. ಇದನ್ನೇ ಕೊಂಡ್ಕೊಳ್ಳೋಣ. ಬಂದ ದಿನಾನೇ ಕಳ್ಳನ್ನೂ ಹಿಡಿದಿದೆ, ನೋಡಿ.”

ಪರದೆ ತಿರುಗಿಸಿದರು. ಮಧ್ಯಾಹ್ನ ಯಾರೋ ಎಲ್ಲ ಕಂಪ್ಯೂಟರುಗಳಿಗೂ ನುಗ್ಗಿ, ಕಾವಲು ಕಿತ್ತು, ಹೊರಗಿನದೇನನ್ನೋ ತುರುಕಿದ್ದಾರೆ ಎಂದಿತ್ತು. ನುಗ್ಗಿದ್ದು ಡಾಕ್ಟರ ಮೇಜಿನಿಂದ.

“ಸಾರ್, ಅದು ನಾನೇ!”

“ಒಪ್ಕೊಂಡ್ರಲ್ಲ.”

“ಅಲ್ಲ ಸಾರ್, ಅದು ತಪ್ಪು ತಿಳ್ಕೊಂಡಿದೆ!”

ಯಜಮಾನರು ದಾರ ಎಳೆದು ಪೆನ್ನು ಕೈಗೆತ್ತಿಕೊಂಡರು. “ಅದು ತಪ್ಪಾದ್ರೆ ಆರಿಸಿದ ನೀವು ದಡ್ಡರು. ಸರಿಯಾದ್ರೆ ನೀವೇ ಕಳ್ಳರು. ಯಾವುದು ಅಂತ ಬರ್ಕೊಳ್ಳಲಿ?”

ಡಾಕ್ಟ್ರು ಹೊರಗೆ ಬಂದು ನೋಡಿದರೆ, ಅಕ್ಕ ಕರೆಸಿದ್ದ ಅವರ ಭಾವ ಆಗಲೇ ಡಾಕ್ಟರ ಕುರ್ಚಿಯಲ್ಲಿ ಕೂತು ಅದರ ಎತ್ತರ ಸರಿಮಾಡಿಕೊಳ್ಳುತ್ತಿದ್ದರು.